ಒಂದು ಟ್ಯಾಂಕಿನ ರೂಪಾಂತರ

'ಟ್ಯಾಂಕ್' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಳೆಯ ತಲೆಮಾರಿನವರಿಗೆ ಹೊಳೆಯುತ್ತಿದ್ದುದು ಕೆರೆ. ಕಂದಾಯ ಇಲಾಖೆಯ ಹಳೆಯ ಕಡತಗಳಲ್ಲಿ ಊರ ಮುಂದಿನ ಕೆರೆಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಹೆಸರೇ ಅದು. ಆಮೇಲೆ ಅದು ಮಾಳಿಗೆಯ ಮೇಲಿನ ನೀರಿನ ತೊಟ್ಟಿಯಾಯಿತು. ಯುದ್ಧದ ಯಂತ್ರಕ್ಕೆ ಈ ಹೆಸರು ಅಂಟಿಕೊಂಡದ್ದೂ ನೀರಿನ ನೆಪದಿಂದಲೇ. ಮೊದಲನೆಯ ಮಹಾಯುದ್ಧದ ನಡುವೆ, 1915ರ ಕೊನೆಯ ಹೊತ್ತಿಗೆ, ಬ್ರಿಟಿಷರು ಈ ಉಕ್ಕಿನ ಬಂಡಿಯನ್ನು ಗುಟ್ಟಾಗಿ ಕಟ್ಟುತ್ತಿದ್ದರು. ನೋಡಿದವರು ಇದೊಂದು ನೀರಿನ ತೊಟ್ಟಿಯೆಂದೇ ತಿಳಿದುಕೊಳ್ಳಲಿ ಎಂದು ಇಟ್ಟ ಹುಸಿ ಹೆಸರು ಅದು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಯಂತ್ರ ಹೊರಬಿದ್ದಿತು. ಗುಟ್ಟು ರಟ್ಟಾಯಿತು, ಹೆಸರು ಮಾತ್ರ ಉಳಿಯಿತು. ಪದಗಳ ಚರಿತ್ರೆ ಹಿಡಿದು ಕೂತರೆ ನನ್ನಂಥವನಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಇಂದು ನಾನು ಹೇಳಬೇಕಾಗಿರುವುದು ಟ್ಯಾಂಕಿನ ಹೆಸರಿನ ಮಾತಲ್ಲ, ಟ್ಯಾಂಕಿನ ಮಾದರಿಯ ಮಾತು. ಅದರಲ್ಲಿಯೂ, ಒಂದು ಬಗೆಯ ಟ್ಯಾಂಕಿನ ಮಾದರಿಯನ್ನು ಕೊಯ್ದು, ಕೂಡಿಸಿ, ಮತ್ತೊಂದು ಬಗೆಯದನ್ನಾಗಿ ಮಾರ್ಪಡಿಸುವ ಕೈಕೆಲಸದ ಮಾತು.

ಮಾದರಿ ಎಂದೆ, ಆಟಿಕೆ ಎನ್ನಲಿಲ್ಲ. ಎರಡಕ್ಕೂ ವ್ಯತ್ಯಾಸ ಉಂಟು. ಆಟಿಕೆ ಮಗುವಿನ ಕೈಗೆ ಒಗ್ಗಿದರೆ ಸಾಕು. ಚನ್ನಪಟ್ಟಣದ ಮರದ ಕುದುರೆಗೆ ಹಲ್ಲು ಎಷ್ಟು ಎಂದು ಯಾರೂ ಎಣಿಸುವುದಿಲ್ಲ. ಎಣಿಸಿದರೆ ಅದು ಎಣಿಸಿದವನ ತಪ್ಪು. ಮಾದರಿಯ ಪಾಡು ಹಾಗಲ್ಲ. ಅದು ತನ್ನ ಮೂಲಕ್ಕೆ ಉತ್ತರ ಹೇಳಬೇಕು. ಮೂಲದಲ್ಲಿ ಚಕ್ರ ಎಷ್ಟು, ಮೊಳೆ ಎಲ್ಲಿ, ಬೆಸುಗೆಯ ಗೆರೆ ಯಾವ ಕಡೆಗೆ ಎಂಬುದೆಲ್ಲ ಅಲ್ಲಿ ಪ್ರಶ್ನೆಯಾಗುತ್ತದೆ. ನಿವೃತ್ತನಾದ ಮೇಲೆ ನಾನು ಈ ಕೆಲಸವನ್ನು ಹಚ್ಚಿಕೊಂಡಾಗ ಗೆಳೆಯರು ಕೇಳಿದರು: 'ಕೊಲ್ಲುವ ಯಂತ್ರವನ್ನು ಇಷ್ಟು ಮುದ್ದಾಗಿ ಮಾಡಿ ಕಪಾಟಿನಲ್ಲಿಡುವುದು ಕನ್ನಡ ಮೇಷ್ಟ್ರಿಗೆ ತಕ್ಕುದೇನಯ್ಯಾ?' ಪಂಪನಿಂದ ಕುಮಾರವ್ಯಾಸನವರೆಗೆ ಗದೆ, ಬಾಣ, ರಥ, ರಕ್ತಗಳ ವರ್ಣನೆಯನ್ನು ವರ್ಷಗಟ್ಟಲೆ ಪಾಠ ಹೇಳಿದವನನ್ನು ಈ ಪ್ರಶ್ನೆ ಕೇಳುವುದು ತುಸು ತಡವಾಯಿತು ಎಂದು ನಾನು ನಕ್ಕೆ. ಆದರೆ ಪ್ರಶ್ನೆ ನಗುವಂಥದಲ್ಲ. ಅದಕ್ಕೆ ನಾನು ಕೊಡಬಲ್ಲ ಉತ್ತರ ಈ ಕೆಲಸದೊಳಗೇ ಇದೆ.

ಟ್ಯಾಂಕಿನ ಮಾದರಿಗಳು ಬಹುಮಟ್ಟಿಗೆ ಮೂಲದ ಮೂವತ್ತೈದರಲ್ಲಿ ಒಂದು ಪಾಲಿನ ಅಳತೆಯಲ್ಲಿರುತ್ತವೆ. ಮೂವತ್ತೈದೇ ಏಕೆ? ಲೆಕ್ಕಕ್ಕೆ ಸುಲಭವಾದ ಮೂವತ್ತೋ ಐವತ್ತೋ ಇರಬಹುದಿತ್ತು. ಜಪಾನಿನ ಶಿಜುಓಕದಲ್ಲಿರುವ ತಮಿಯಾ ಕಂಪೆನಿಯವರು 1960ರ ದಶಕದ ಆರಂಭದಲ್ಲಿ ಜರ್ಮನರ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯನ್ನು ಹೊರತಂದಾಗ ಅದು ಮೋಟಾರಿನಿಂದ ಓಡುವ ವಸ್ತುವಾಗಿತ್ತು. ಅದರ ಹೊಟ್ಟೆಯಲ್ಲಿ ಬ್ಯಾಟರಿ ಸೆಲ್ಲುಗಳು ಹಿಡಿಯಬೇಕಾಗಿತ್ತು. ಸೆಲ್ಲಿನ ಗಾತ್ರಕ್ಕೆ ತಕ್ಕ ಹಾಗೆ ಟ್ಯಾಂಕನ್ನು ಮಾಡಿದರು. ಆಮೇಲೆ ಅಳೆದು ನೋಡಿದಾಗ ಸುಮಾರು ಮೂವತ್ತೈದರ ಲೆಕ್ಕ ಬಂದಿತು. ಮುಂದೆ ಬಂದವರೆಲ್ಲ ಅದನ್ನೇ ಅನುಸರಿಸಿದರು. ಎರಡು ಸೆಲ್ಲು ಹಾಕಿಕೊಟ್ಟ ಛಂದಸ್ಸಿನಲ್ಲಿ ಜಗತ್ತಿನ ಟ್ಯಾಂಕುಗಳೆಲ್ಲ ಇಂದಿಗೂ ನಡೆಯುತ್ತಿವೆ.

ಈ ಪ್ಲಾಸ್ಟಿಕ್ ಮಾದರಿಗಳು ಅಂಗಡಿಯಲ್ಲಿ ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ದೊರೆಯುತ್ತವೆ. ಅದನ್ನೇ ಕಿಟ್ ಎನ್ನುವುದು. ಉಕ್ಕಿನ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ನುಗ್ಗಿಸಿ ಇವುಗಳನ್ನು ತಯಾರಿಸುತ್ತಾರೆ. ಉಕ್ಕಿನ ಅಚ್ಚು ಕೊರೆಯುವುದು ಬಹಳ ದುಬಾರಿಯ ಬಾಬು. ಸಾವಿರಾರು ಪೆಟ್ಟಿಗೆ ಮಾರಾಟವಾಗುವ ಭರವಸೆಯಿಲ್ಲದೆ ಯಾವ ಕಂಪೆನಿಯೂ ಅದಕ್ಕೆ ಕೈ ಹಾಕದು. ಆದಕಾರಣ ಹೆಸರಾಂತ ಟ್ಯಾಂಕುಗಳಿಗೆ ಕಿಟ್ಟುಗಳು ಬಂದವು; ಅವುಗಳ ದಾಯಾದಿಗಳು, ಅಂದರೆ ಒಂದೇ ಮೈಯ ಮೇಲೆ ಬೇರೆ ತೋಪು ಹೊತ್ತವು, ಸೇತುವೆ ಹೊತ್ತವು, ನೆಲಬಾಂಬು ಒಡೆಯುವ ಸರಪಳಿ ಕಟ್ಟಿಕೊಂಡವು, ಬಹುಕಾಲ ಹೊರಗುಳಿದವು. ಈ ಕೊರತೆಯನ್ನು ತುಂಬಿದ್ದು ರೆಸಿನ್.

ರೆಸಿನ್ ಎಂದರೆ ಎರಡು ದ್ರವಗಳನ್ನು ಬೆರೆಸಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಒಂದು ಕೃತಕ ರಾಳ. ಕುಶಲಿಯೊಬ್ಬ ತನ್ನ ಮೇಜಿನ ಮೇಲೆ ಒಂದು ಭಾಗವನ್ನು ಕೈಯಿಂದ ಕೆತ್ತಿ ಮಾಡುತ್ತಾನೆ. ಅದರ ಸುತ್ತ ಸಿಲಿಕೋನ್ ರಬ್ಬರನ್ನು ಸುರಿದು ಅಚ್ಚು ತೆಗೆಯುತ್ತಾನೆ. ಆ ಅಚ್ಚಿಗೆ ರೆಸಿನ್ ಎರೆದರೆ ಪ್ರತಿ ಸಿದ್ಧ. ನಮ್ಮ ಕಂಚುಗಾರರ ಮೇಣದೆರಕದಲ್ಲಿ ಮಣ್ಣಿನ ಅಚ್ಚು ಒಂದು ಮೂರ್ತಿಗೇ ಒಡೆದುಹೋಗುತ್ತದೆ. ಉಕ್ಕಿನ ಅಚ್ಚು ತಲೆಮಾರುಗಳವರೆಗೆ ಬಾಳುತ್ತದೆ. ರಬ್ಬರಿನ ಅಚ್ಚು ಇವೆರಡರ ನಡುವಿನದು. ಕೆಲವು ಹತ್ತು ಪ್ರತಿಗಳನ್ನು ಕೊಟ್ಟು ಹರಿದುಹೋಗುತ್ತದೆ. ಕೆಲವೇ ಜನ ಕೇಳುವ ವಸ್ತುವಿಗೆ ಇದು ಹೇಳಿ ಮಾಡಿಸಿದ ದಾರಿ. 1980ರ ದಶಕದಲ್ಲಿ ಬೆಲ್ಜಿಯಮ್ಮಿನ ಫ್ರಾಂಸ್ವಾ ವರ್ಲಿಂಡನ್ ಅವರಂಥವರು ಇಂಥ ಭಾಗಗಳಿಂದಲೇ ಹೆಸರಾದರು. ಅಂಗಡಿಯ ಪ್ಲಾಸ್ಟಿಕ್ ಕಿಟ್ಟಿನ ಜೊತೆಗೆ ರೆಸಿನ್ನಿನ ಹತ್ತಿಪ್ಪತ್ತು ಭಾಗಗಳ ಚಿಕ್ಕ ಪೊಟ್ಟಣವೊಂದನ್ನು ಕೊಂಡರೆ, ಆ ಟ್ಯಾಂಕನ್ನು ಅದರ ದಾಯಾದಿಯಾಗಿ ಮಾರ್ಪಡಿಸಬಹುದು. ಇಂಗ್ಲಿಷಿನಲ್ಲಿ ಕನ್ವರ್ಷನ್ ಕಿಟ್ ಎನ್ನುತ್ತಾರೆ. ರೂಪಾಂತರದ ಪೊಟ್ಟಣ ಎಂದರೆ ನಮಗೆ ಸಾಕು.

ಇಂಥ ರೂಪಾಂತರಗಳಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಶರ್ಮನ್ ಫೈರ್‌ಫ್ಲೈ, ಕನ್ನಡದಲ್ಲಿ ಹೇಳುವುದಾದರೆ ಮಿಣುಕುಹುಳು. ಅದು ಮನಸ್ಸು ಹಿಡಿಯಲು ಕಾರಣ, ಆ ಟ್ಯಾಂಕು ತಾನೇ ಒಂದು ರೂಪಾಂತರ ಎಂಬುದು. ಮೇಜಿನ ಮೇಲೆ ನಾವು ಗರಗಸ ಹಿಡಿದು ಮಾಡುವುದನ್ನು 1944ರಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳವರು ನಿಜವಾದ ಉಕ್ಕಿನ ಮೇಲೆ ಮಾಡಿದರು.

ಶರ್ಮನ್ ಅಮೆರಿಕದ ಟ್ಯಾಂಕು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 49,000 ಶರ್ಮನ್‌ಗಳು ತಯಾರಾದವು. ನಂಬಿಕೆಗೆ ಯೋಗ್ಯ, ದುರಸ್ತಿಗೆ ಸುಲಭ, ಎಲ್ಲಿ ಬೇಕಾದರೂ ಸಾಗಿಸಬಹುದು. ಆದರೆ ಅದರ 75 ಮಿಲಿಮೀಟರ್ ತೋಪು ಜರ್ಮನರ ಟೈಗರ್ ಟ್ಯಾಂಕಿನ 100 ಮಿಲಿಮೀಟರ್ ದಪ್ಪದ ಮುಂಗವಚದ ಮುಂದೆ ಸೋಲುತ್ತಿತ್ತು. ಬ್ರಿಟಿಷರ ಬಳಿ '17 ಪೌಂಡರ್' ಎಂಬ ಒಳ್ಳೆಯ ತೋಪೊಂದಿತ್ತು. ಅದನ್ನು ಹೊರಲೆಂದೇ ಬೇರೆ ಟ್ಯಾಂಕನ್ನು ರೂಪಿಸುತ್ತಿದ್ದರು. ಅದು ಬರುವುದು ತಡವಾಗುತ್ತಲೇ ಹೋಯಿತು. ಆಗ ಇಂಗ್ಲೆಂಡಿನ ದಕ್ಷಿಣ ಕಡಲಂಚಿನ ಲಲ್ವರ್ತ್ ತೋಪಿನ ತರಬೇತಿ ಶಾಲೆಯಲ್ಲಿ ಮೇಜರ್ ಜಾರ್ಜ್ ಬ್ರೈಟಿ ಎಂಬಾತ, ಈ ತೋಪನ್ನು ಶರ್ಮನ್ನಿಗೇ ಏಕೆ ಕೂರಿಸಬಾರದು ಎಂದು ಹೊರಟ. ಕೂರಿಸುವುದೇನೋ ಆದೀತು, ಹಾರಿಸುವುದು ಹೇಗೆ? ತೋಪು ಹಾರಿದಾಗ ಹಿಂದಕ್ಕೆ ಒದೆಯುತ್ತದೆ. ಹಾಗೆ ಒದೆಯಲು ಶರ್ಮನ್ನಿನ ಗೋಪುರದಲ್ಲಿ, ಅಂದರೆ ತೋಪನ್ನು ಹೊತ್ತು ಸುತ್ತ ತಿರುಗುವ ಆ ಉಕ್ಕಿನ ತಲೆಯಲ್ಲಿ, ಸ್ಥಳ ಸಾಲದು. ತೋಪನ್ನು ಅಲುಗದಂತೆ ಬಿಗಿದುಬಿಡೋಣ, ಒದೆತವನ್ನು ಇಡೀ ಟ್ಯಾಂಕೇ ತಾಳಿಕೊಳ್ಳಲಿ ಎಂದು ಬ್ರೈಟಿ ಯೋಚಿಸಿದ. ಯುದ್ಧದಲ್ಲಿ ಗಾಯಗೊಂಡು ಮರಳಿದ್ದ ಲೆಫ್ಟಿನೆಂಟ್ ಕರ್ನಲ್ ಜಾರ್ಜ್ ವಿದರಿಜ್ ಆತನ ಜೊತೆಗೂಡಿದ. ಮೇಲಿನವರು ಈ ಪ್ರಯತ್ನವನ್ನು ನಿಲ್ಲಿಸಿ ಎಂದರು. ವಿದರಿಜ್ ಬಿಡದೆ ಇನ್ನೂ ಮೇಲಿನವರನ್ನು ಹಿಡಿದು ಒಪ್ಪಿಗೆ ತಂದ. ಕಚೇರಿಯ ಕಾಗದಗಳ ನಡುವೆ ಬಾಳು ಕಳೆದ ನಮಗೆ ಇದರಲ್ಲಿ ಹೊಸದೇನೂ ಕಾಣದು. ಕೊನೆಗೆ ಡಬ್ಲ್ಯು. ಜಿ. ಕೆ. ಕಿಲ್‌ಬರ್ನ್ ಎಂಬ ಎಂಜಿನಿಯರ್ ಆ ಒಗಟನ್ನು ಬಿಡಿಸಿದ. ಒದೆತ ತಡೆಯುವ ಕೊಳವೆಗಳನ್ನು ಗಿಡ್ಡಮಾಡಿ ತೋಪಿನ ಎರಡು ಪಕ್ಕಗಳಿಗೆ ಜೋಡಿಸಿದ. ಗುಂಡು ತುಂಬುವವನು ಎಡಗಡೆ ಕೂರುತ್ತಾನಷ್ಟೆ. ಅವನ ಕೈಗೆ ಎಟುಕುವಂತೆ ತೋಪಿನ ಹಿಂಬದಿಯ ಬಾಯನ್ನೇ ಎಡಕ್ಕೆ ಹೊರಳಿಸಿದ.

ಈ ಒಂದು ತೋಪು ಒಳಬಂದ ಮೇಲೆ ಟ್ಯಾಂಕಿನೊಳಗಿನ ಸಂಸಾರವೆಲ್ಲ ಕದಲಿತು. ಗೋಪುರದ ಹಿಂಗೋಡೆಗೆ ಒರಗಿದ್ದ ರೇಡಿಯೋ ಯಂತ್ರಕ್ಕೆ ಜಾಗವಿಲ್ಲದಾಯಿತು. ಹಿಂಗೋಡೆಯನ್ನು ಕೊರೆದು, ಹೊರಗೆ ಉಕ್ಕಿನ ಪೆಟ್ಟಿಗೆಯೊಂದನ್ನು ಬೆಸೆದು, ರೇಡಿಯೋವನ್ನು ಅಲ್ಲಿಗೆ ಕಳಿಸಿದರು. ಹೊಸ ತೋಪಿನ ಗುಂಡುಗಳು ಉದ್ದ. ಅವನ್ನಿಡಲು ಸ್ಥಳ ಬೇಕು. ಚಾಲಕನ ಪಕ್ಕದಲ್ಲಿ ಕೂತು ಮಷಿನ್‌ಗನ್ ನಡೆಸುತ್ತಿದ್ದ ಐದನೆಯವನನ್ನು ಎಬ್ಬಿಸಿ, ಅವನ ಜಾಗದಲ್ಲಿ ಗುಂಡುಗಳನ್ನು ಪೇರಿಸಿದರು. ಅವನ ಬಂದೂಕಿನ ಕಂಡಿಗೆ ಉಕ್ಕಿನ ತೇಪೆ ಹಾಕಿ ಮುಚ್ಚಿದರು. ಐವರ ಟ್ಯಾಂಕು ನಾಲ್ವರದಾಯಿತು. ಎಲ್ಲಕ್ಕಿಂತ ಮುಖ್ಯವಾದುದು ಗೋಪುರದ ನೆತ್ತಿಯ ಮಾತು. ಗೋಪುರದಲ್ಲಿ ಮೂವರು: ನಾಯಕ, ಗುರಿಕಾರ, ಗುಂಡು ತುಂಬುವವ. ಮೊದಲು ಅಲ್ಲಿದ್ದುದು ಒಂದೇ ಕಂಡಿ, ನಾಯಕನ ತಲೆಯ ಮೇಲಿನದು. ಟ್ಯಾಂಕಿಗೆ ಬೆಂಕಿ ಹತ್ತಿದರೆ ಮೂವರೂ ಅದರಿಂದಲೇ ಹೊರಬೀಳಬೇಕು. ಈಗ ನಡುವೆ ದೈತ್ಯ ತೋಪಿನ ಹಿಂಭಾಗ ಗೋಡೆಯಂತೆ ಅಡ್ಡ ನಿಂತಿತು. ಎಡಗಡೆಯವನು ಆ ಗೋಡೆಯನ್ನು ದಾಟಿ ಬಲಗಡೆಯ ಕಂಡಿಯನ್ನು ಮುಟ್ಟುವುದರೊಳಗೆ ಏನಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಎಂತಲೇ ಅವನ ತಲೆಯ ಮೇಲೆಯೇ ಹೊಸದಾಗಿ ಒಂದು ಚೌಕ ಕಂಡಿಯನ್ನು ಕೊರೆದರು.

ನೋಡಿ, ಈಗ ರೂಪಾಂತರದ ಪೊಟ್ಟಣವನ್ನು ಬಿಚ್ಚಿದರೆ ಅದರಲ್ಲಿರುವುದು ಇವೇ. ಹೊಸ ತೋಪು, ಅದರ ಬುಡ ಮುಚ್ಚುವ ಗುರಾಣಿಯಂಥ ತಟ್ಟೆ, ಗೋಪುರದ ಬೆನ್ನಿಗೆ ಅಂಟಿಸುವ ಪೆಟ್ಟಿಗೆ, ಐದನೆಯವನ ಕಂಡಿಗೆ ತೇಪೆ, ನೆತ್ತಿಯ ಚೌಕ ಕಂಡಿ ಮತ್ತು ಅದರ ಎರಡು ಮುಚ್ಚಳ, ಹಿಂಭಾಗದಲ್ಲಿ ತೋಪನ್ನು ಒರಗಿಸಿ ಕಟ್ಟುವ ಊರುಗೋಲು. ಒಂದೊಂದು ತುಂಡಿನ ಹಿಂದೆಯೂ ಒಂದೊಂದು ಕಾರಣ. ಚರಿತ್ರೆ ಓದದವನು ಪೆಟ್ಟಿಗೆಯನ್ನು ಬರಿಯ ಪೆಟ್ಟಿಗೆಯೆಂದು ಅಂಟಿಸಿ ಮುಗಿಸುತ್ತಾನೆ.

ಕೆಲಸ ಹಿಡಿಯುವ ಮುನ್ನ ಒಂದು ಎಚ್ಚರಿಕೆ. ಶರ್ಮನ್ ಎಂದರೆ ಒಂದೇ ಟ್ಯಾಂಕಲ್ಲ. ಓಲೆಗರಿ ಪ್ರತಿಗಳನ್ನು ಸರಿನೋಡಿದವರಿಗೆ ಪಾಠಾಂತರ ಎಂದರೇನೆಂದು ಗೊತ್ತು. ಇಲ್ಲಿಯೂ ಅದೇ ತೊಡಕು. ಫೈರ್‌ಫ್ಲೈಗಳಲ್ಲಿ ಬಹುಪಾಲು 'ಎಂ4ಎ4' ಎಂಬ ಬಗೆಯ ಮೈಮೇಲೆ ಕಟ್ಟಿದವು. ಈ ಬಗೆಗೆ ಕ್ರೈಸ್ಲರ್ ಕಂಪೆನಿಯವರು ಕೊಟ್ಟ ಎಂಜಿನ್ ಒಂದು ವಿಚಿತ್ರ: ಆರಾರು ಸಿಲಿಂಡರಿನ ಐದು ಮೋಟಾರು ಎಂಜಿನ್ನುಗಳನ್ನು ಒಟ್ಟಿಗೆ ಕಟ್ಟಿದ, ಮೂವತ್ತು ಸಿಲಿಂಡರಿನ ಗಂಟು. ಅದು ಹಿಡಿಯಲೆಂದು ಟ್ಯಾಂಕಿನ ಮೈಯನ್ನು ಸುಮಾರು ಒಂದು ಗೇಣು ಹಿಗ್ಗಿಸಿದರು. ಚಕ್ರದ ಜೋಡಿಗಳ ನಡುವಿನ ಅಂತರವೂ ಹೆಚ್ಚಿತು. ಮಿಕ್ಕ ಶರ್ಮನ್‌ಗಳ ಸರಪಳಿ ಪಟ್ಟಿಯಲ್ಲಿ ಪಕ್ಕವೊಂದಕ್ಕೆ 79 ಕೊಂಡಿಗಳಿದ್ದರೆ ಇದರಲ್ಲಿ 83. ಅಂಗಡಿಯಲ್ಲಿ ಹೆಚ್ಚಾಗಿ ದೊರೆಯುವ ಎಂ4ಎ3 ಬಗೆಯ ಕಿಟ್ಟಿಗೆ ಫೈರ್‌ಫ್ಲೈ ಪೊಟ್ಟಣವನ್ನು ಜೋಡಿಸಿದರೆ ಭಾಗಗಳೆಲ್ಲ ಸೊಗಸಾಗಿ ಕೂತಾವು. ಆದರೆ ಅಂಥ ಟ್ಯಾಂಕನ್ನು ಬ್ರಿಟಿಷರು ಕಟ್ಟಲೇ ಇಲ್ಲ. ಮಾದರಿಯಲ್ಲಿ ಆ ಒಂದು ಗೇಣು ಎಂದರೆ ಆರು ಮಿಲಿಮೀಟರಿನಷ್ಟು. ಆರು ಮಿಲಿಮೀಟರಿಗೆ ಇಷ್ಟು ರಂಪವೇ ಎನ್ನಬಹುದು. ಒಂದು ಮಾತ್ರೆ ಹೆಚ್ಚಾದರೆ ಕಂದಪದ್ಯ ಕೆಡುತ್ತದೆ ಎಂದು ವಿದ್ಯಾರ್ಥಿಗಳ ಅಂಕ ಕಳೆದವನು ನಾನು. ಈ ವಿಷಯದಲ್ಲಿ ನನ್ನಿಂದ ರಿಯಾಯಿತಿ ಸಿಗದು.

ಇನ್ನು ಕೈಕೆಲಸ. ರೆಸಿನ್ ಭಾಗಗಳ ಮೇಲೆ ಜಿಡ್ಡಿನ ತೆಳುಪರೆಯೊಂದಿರುತ್ತದೆ; ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಹಚ್ಚಿದ್ದು. ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ತೊಳೆಯದೆ ಬಣ್ಣ ಹಚ್ಚಿದರೆ ಬಿಸಿಲಿಗೆ ಗೋಡೆಯ ಸುಣ್ಣ ಏಳುವಂತೆ ಎದ್ದುಬರುತ್ತದೆ. ಇದಕ್ಕೆ ಅಡುಗೆಮನೆಯ ಪಾತ್ರೆಯನ್ನು ಬಳಸಬಾರದು. ಕಾರಣ ಎರಡು, ಒಂದು ಆರೋಗ್ಯ, ಇನ್ನೊಂದು ಗೃಹಶಾಂತಿ.

ಪ್ರತಿ ಭಾಗಕ್ಕೂ ಎರಕದ ಬುಡವೊಂದು ಅಂಟಿಕೊಂಡು ಬಂದಿರುತ್ತದೆ. ಬ್ಲೇಡಿನಷ್ಟು ತೆಳುವಾದ ಗರಗಸದಿಂದ ಅದನ್ನು ಕೊಯ್ದು ತೆಗೆಯಬೇಕು. ಗೆರೆಯ ಮೇಲೆಯೇ ಕೊಯ್ಯದೆ ಕೊಂಚ ಹೊರಗೆ ಕೊಯ್ದು, ಉಳಿದದ್ದನ್ನು ಉಪ್ಪುಕಾಗದದಿಂದ ತಿಕ್ಕಿ ಗೆರೆಗೆ ತರುವುದು ಲೇಸು. ಇಲ್ಲಿ ಕೇಳುವವರಲ್ಲಿ ಯಾರಾದರೂ ಈ ಕೆಲಸಕ್ಕೆ ಇಳಿಯುವವರಿದ್ದರೆ ಅವರಿಗೆ ಒತ್ತಿ ಹೇಳಬೇಕಾದ ಮಾತೊಂದುಂಟು. ರೆಸಿನ್ನಿನ ಪುಡಿ ಹಿಟ್ಟಿನಂತೆ ನವುರು. ಮೂಗಿನಿಂದ ಒಳಹೋದರೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಮರಳಿ ಬರುವುದಿಲ್ಲ. ಕೊಯ್ಯುವಾಗ, ಉಜ್ಜುವಾಗ ಭಾಗವನ್ನೂ ಉಪ್ಪುಕಾಗದವನ್ನೂ ನೀರಿನಲ್ಲಿ ತೋಯಿಸಿಕೊಂಡೇ ಇರಬೇಕು. ಮೂಗುಬಾಯಿಗೆ ಧೂಳು ತಡೆಯುವ ಸರಿಯಾದ ಮುಖಗವಸು ಬೇಕು. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಕೆಲಸ ಮುಗಿದ ಮೇಲೆ ಮೇಜನ್ನು ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಮಕ್ಕಳು ಸುಳಿಯುವ ಕೋಣೆಯಲ್ಲಿ ಇದನ್ನು ಮಾಡಲೇಬಾರದು. ಸತ್ತ ಯುದ್ಧದ ಟ್ಯಾಂಕಿಗಾಗಿ ಬದುಕಿರುವವರ ಉಸಿರು ಕೆಡಬಾರದು.

ರೆಸಿನ್ ತುಂಡು ಕೆಲವೊಮ್ಮೆ ಸೊಟ್ಟಗಿರುತ್ತದೆ. ಉದ್ದನೆಯ ನಳಿಕೆಯಂತೂ ಬಾಳೆಕಾಯಿಯಂತೆ ಬಾಗಿ ಬರುವುದುಂಟು. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ; ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ. ಆದರೆ ತೋಪಿನ ನಳಿಕೆಯ ಮಟ್ಟಿಗೆ ನಾನು ಈ ಉಪಾಯವನ್ನು ನಂಬುವುದಿಲ್ಲ. 17 ಪೌಂಡರಿನ ನಳಿಕೆ ಸುಮಾರು 4.2 ಮೀಟರ್ ಉದ್ದ. ಮಾದರಿಯಲ್ಲಿ 12 ಸೆಂಟಿಮೀಟರ್. ಹಳೆಯ 75 ಮಿಲಿಮೀಟರ್ ತೋಪಿನದು ಮೂರೇ ಮೀಟರ್, ಮಾದರಿಯಲ್ಲಿ ಎಂಟೂವರೆ ಸೆಂಟಿಮೀಟರ್. ಕಣ್ಣು ಮೊದಲು ಹೋಗುವುದೇ ಆ ಉದ್ದಕ್ಕೆ. ಅಲ್ಲಿ ಕೂದಲೆಳೆಯಷ್ಟು ಬಾಗು ಇದ್ದರೂ ಮಿಕ್ಕ ಶ್ರಮವೆಲ್ಲ ವ್ಯರ್ಥ. ಲೇತಿನಲ್ಲಿ ಕಡೆದ ಅಲ್ಯುಮಿನಿಯಮ್ ಅಥವಾ ಹಿತ್ತಾಳೆಯ ನಳಿಕೆಗಳು ಬೇರೆಯಾಗಿ ದೊರೆಯುತ್ತವೆ. ಅದನ್ನೇ ಹಾಕುವುದು ಉತ್ತಮ.

ಅಂಟಿನ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಪ್ಲಾಸ್ಟಿಕ್ ಕಿಟ್ಟಿನ ಅಂಟು ನಿಜವಾಗಿ ಅಂಟಲ್ಲ, ಬೆಸುಗೆ. ಅದು ಎರಡು ಅಂಚುಗಳನ್ನೂ ಕರಗಿಸಿ ಒಂದು ಮಾಡಿ ಆರಿಹೋಗುತ್ತದೆ. ರೆಸಿನ್ ಅದಕ್ಕೆ ಕರಗುವುದಿಲ್ಲ. ಆದ್ದರಿಂದ ಪ್ಲಾಸ್ಟಿಕ್ಕಿಗೂ ರೆಸಿನ್ನಿಗೂ ನಂಟು ಕೂಡಿಸಲು ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬೇಕು. ಅದು ಹಿಡಿದ ಮೇಲೆ ಬಿಡುವುದಿಲ್ಲ, ಸರಿಪಡಿಸಲು ಅವಕಾಶ ಕೊಡುವುದಿಲ್ಲ. ಆದಕಾರಣ ಅಂಟು ಮುಟ್ಟುವ ಮುನ್ನ ಭಾಗಗಳನ್ನು ಬರಿದೇ ಕೂಡಿಸಿ ಕೂಡಿಸಿ ನೋಡಬೇಕು. ಎರಕದ ವಸ್ತು ಆರುವಾಗ ಒಂದಿಷ್ಟು ಕುಗ್ಗುವುದರಿಂದ ಪೊಟ್ಟಣದ ಭಾಗ ಕಿಟ್ಟಿನ ಭಾಗಕ್ಕೆ ಸರಿಯಾಗಿ ಹೊಂದದೆ ಇರಬಹುದು. ಸಂದು ಬಿದ್ದಲ್ಲಿ, ಗಾಳಿಯ ಗುಳ್ಳೆ ಒಡೆದು ತೂತು ಉಳಿದಲ್ಲಿ ಪುಟ್ಟಿ ತುಂಬಿ, ಒಣಗಿಸಿ, ತಿಕ್ಕಿ ನಯಮಾಡಬೇಕು. ಈ ಪುಟ್ಟಿಯ ಕೆಲಸದ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಬೇಸರದ ಕೆಲಸ, ಮಾಡಲೇಬೇಕು.

ಈಗ ಚೌಕ ಕಂಡಿಗೆ ಬರೋಣ. ಮಿಕ್ಕ ಭಾಗಗಳೆಲ್ಲ ಮೇಲಿನಿಂದ ಕೂಡಿಸುವಂಥವು. ಇದೊಂದು ಮಾತ್ರ ಕಳೆಯುವಂಥದು. ಗೋಪುರದ ಪ್ಲಾಸ್ಟಿಕ್ ನೆತ್ತಿಯ ಎಡಭಾಗದಲ್ಲಿ ಸೀಸದಕಡ್ಡಿಯಿಂದ ಚೌಕವನ್ನು ಗುರುತಿಸಬೇಕು. ಮೂಲೆಗಳಲ್ಲಿ ಸಣ್ಣ ಬೈರಿಗೆಯಿಂದ ತೂತು ಕೊರೆದು, ತೂತಿನಿಂದ ತೂತಿಗೆ ಚೂರಿಯಿಂದ ಮೆಲ್ಲಮೆಲ್ಲಗೆ ಗೀರುತ್ತ ಹೋಗಬೇಕು. ಅವಸರ ಮಾಡಿದರೆ ಚೂರಿ ಜಾರಿ ನೆತ್ತಿಯ ಮೇಲೆ ಗಾಯವಾಗುತ್ತದೆ. ತುಂಡು ಬಿದ್ದ ಮೇಲೆ ಅಂಚನ್ನು ಅರದಿಂದ ತಿದ್ದಬೇಕು. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಈ ಕಂಡಿಗೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಈ ಕೆಲಸ ಮಾಡುವಾಗ, ಲಲ್ವರ್ತಿನವರ ಚರಿತ್ರೆ ಓದಿದವನಿಗೆ, ತಾನು ಕೊರೆಯುತ್ತಿರುವುದು ಏನೆಂಬುದು ಮರೆಯುವುದಿಲ್ಲ. ತೋಪನ್ನು ಕಂಡು ಬೆರಗಾಗುವವರು ಬಹಳ ಮಂದಿ. ಆದರೆ ತೋಪಿನ ಶಕ್ತಿಯನ್ನು ಲೆಕ್ಕಹಾಕಿದ ಅದೇ ಜನ, ಅದರ ಹಿಂದೆ ಸಿಕ್ಕಿಕೊಳ್ಳುವ ಒಬ್ಬ ಹುಡುಗನ ಲೆಕ್ಕವನ್ನೂ ಹಾಕಿ ಉಕ್ಕನ್ನು ಕೊಯ್ದರಲ್ಲ, ಗೆಳೆಯರ ಪ್ರಶ್ನೆಗೆ ನಾನು ತೋರಿಸುವುದು ಆ ಕಂಡಿಯನ್ನು. ಗದಾಯುದ್ಧದಲ್ಲಿ ನಾವು ನೆನೆಯುವುದು ಗದೆಯ ತೂಕವನ್ನಲ್ಲ, ತೊಡೆ ಮುರಿದು ಬಿದ್ದವನನ್ನು.

ಹಾಗೆ ಉಕ್ಕಿನೊಳಗೆ ಕೂತಿದ್ದವರಲ್ಲಿ ಒಬ್ಬನ ಹೆಸರನ್ನು ಹೇಳಬಹುದು. ಜೋ ಎಕಿನ್ಸ್ ಎಂಬ ತರುಣ ಸೈನ್ಯಕ್ಕೆ ಸೇರುವ ಮೊದಲು ಪಾದರಕ್ಷೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. 1944ರ ಆಗಸ್ಟ್ 8ರಂದು ಫ್ರಾನ್ಸಿನ ನಾರ್ಮಂಡಿಯ ಸೇಂತ್ ಎನ್ಯಾನ್ ಬಳಿ, ನಾರ್ಥಾಂಪ್ಟನ್‌ಶೈರ್ ಯೋಮನ್ರಿ ದಳದ ಫೈರ್‌ಫ್ಲೈಯೊಂದರಲ್ಲಿ ಆತ ಗುರಿಕಾರನಾಗಿದ್ದ. ಆ ಟ್ಯಾಂಕಿನ ಮೈಮೇಲೆ ಬರೆದಿದ್ದ ಹೆಸರು ರಷ್ಯದ ಒಂದು ಊರಿನದು, ವೆಲಿಕಿಯೆ ಲೂಕಿ. ಹನ್ನೆರಡೇ ನಿಮಿಷಗಳಷ್ಟು ಹೊತ್ತಿನಲ್ಲಿ ಆತ ಮೂರು ಟೈಗರ್ ಟ್ಯಾಂಕುಗಳನ್ನು ಹೊಡೆದ. ಜರ್ಮನರ ಹೆಸರಾಂತ ಟ್ಯಾಂಕ್ ಯೋಧ ಮಿಖಾಯೆಲ್ ವಿಟ್‌ಮನ್ ಸತ್ತದ್ದು ಅದೇ ಕಾಳಗದಲ್ಲಿ. ಯುದ್ಧ ಮುಗಿದ ಮೇಲೆ ಎಕಿನ್ಸ್ ಪಾದರಕ್ಷೆಯ ಕೆಲಸಕ್ಕೇ ಮರಳಿದ. 2012ರಲ್ಲಿ ತೀರಿಕೊಂಡ. ವಿಟ್‌ಮನ್ನನ ಹೆಸರಿನ ಪೆಟ್ಟಿಗೆಗಳು ಮಾದರಿಯ ಅಂಗಡಿಗಳಲ್ಲಿ ಯಥೇಚ್ಛವಾಗಿವೆ. ಇದು ನನಗೆ ಅಷ್ಟಾಗಿ ರುಚಿಸದ ಸಂಗತಿ.

ಬಣ್ಣದ ಕೆಲಸದಲ್ಲಿಯೂ ಫೈರ್‌ಫ್ಲೈಗೆ ತನ್ನದೇ ಆದ ಒಂದು ಗುಟ್ಟಿದೆ. ಬ್ರಿಟಿಷರ ನಾಲ್ಕು ಟ್ಯಾಂಕುಗಳ ತಂಡದಲ್ಲಿ ಸಾಮಾನ್ಯವಾಗಿ ಮೂರು ಹಳೆಯ ಶರ್ಮನ್, ಒಂದು ಫೈರ್‌ಫ್ಲೈ. ಜರ್ಮನರು ಇದನ್ನು ಬಹುಬೇಗ ಅರಿತರು. ಉದ್ದ ನಳಿಕೆಯದನ್ನು ಮೊದಲು ಹೊಡೆಯಬೇಕೆಂಬುದು ಅವರಿಗೆ ರೂಢಿಯಾಯಿತು. ಅದಕ್ಕೆ ಬ್ರಿಟಿಷರು ಹೂಡಿದ ಉಪಾಯ ಚಿತ್ರಕಾರನದು. ನಳಿಕೆಯ ಮುಂಭಾಗದ ಅಡಿಮೈಗೆ ಬಿಳಿ ಬಣ್ಣ ಬಳಿದರು. ಹಸಿರಿಗೂ ಬಿಳಿಗೂ ನಡುವಣ ಗಡಿಯನ್ನು ಅಲೆ ಅಲೆಯಾಗಿ ಎಳೆದರು. ಯಾವ ವಸ್ತುವಾದರೂ ಅದರ ಅಡಿಭಾಗ ನೆರಳಿನಿಂದ ಕಪ್ಪಾಗಿ ಕಾಣುತ್ತದೆ, ಅದರಿಂದಲೇ ಅದು ಉರುಟೆಂದು ಕಣ್ಣಿಗೆ ತಿಳಿಯುತ್ತದೆ. ಅಲ್ಲಿ ಬಿಳಿ ಬಳಿದರೆ ನೆರಳು ಅಳಿಸಿಹೋಗಿ, ನಳಿಕೆಯ ಮುಂದಿನ ಅರ್ಧ ಆಕಾಶದಲ್ಲಿ ಕರಗಿದಂತಾಗುತ್ತದೆ. ಉಳಿದ ಅರ್ಧ ದೂರದಿಂದ ಹಳೆಯ ಗಿಡ್ಡ ತೋಪಿನಂತೆ ತೋರುತ್ತದೆ. ಹೊಟ್ಟೆ ಬಿಳಿ, ಬೆನ್ನು ಕಪ್ಪು ಇರುವ ಮೀನಿಗೆ ಪ್ರಕೃತಿ ಕಲಿಸಿದ್ದೂ ಇದನ್ನೇ. ಮಾದರಿಯಲ್ಲಿ ಇದನ್ನು ಬಳಿಯುವಾಗ ಬಿಳಿ ತೀರ ಬೆಳ್ಳಗಿರಬಾರದು, ತುಸು ಮಾಸಿರಬೇಕು. ಅಲೆಯ ಗೆರೆ ಕೈಬರಹದಂತಿರಬೇಕು, ಅಳತೆಪಟ್ಟಿ ಇಟ್ಟು ಎಳೆದಂತಲ್ಲ. ಎಲ್ಲ ಫೈರ್‌ಫ್ಲೈಗಳಿಗೂ ಈ ಬಣ್ಣವಿರಲಿಲ್ಲವೆಂಬುದನ್ನೂ ನೆನಪಿಡಬೇಕು. ಯಾವ ದಳದ ಯಾವ ಟ್ಯಾಂಕು ಎಂದು ಗೊತ್ತುಮಾಡಿಕೊಂಡು, ಅದರ ಛಾಯಾಚಿತ್ರವನ್ನು ಮುಂದಿಟ್ಟುಕೊಂಡೇ ಕುಂಚ ಹಿಡಿಯಬೇಕು. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿ ಫೈರ್‌ಫ್ಲೈ ಇಂದಿಗೂ ಇದೆ. ಅದನ್ನು ನಾಲ್ಕೂ ಕಡೆಯಿಂದ ತೆಗೆದ ಚಿತ್ರಗಳು ಪುಸ್ತಕಗಳಲ್ಲಿ ದೊರೆಯುತ್ತವೆ.

ಈಗ ಕಾಲ ಬದಲಾಗಿದೆ. ಫೈರ್‌ಫ್ಲೈಯ ಸಂಪೂರ್ಣ ಪ್ಲಾಸ್ಟಿಕ್ ಕಿಟ್ಟುಗಳೇ ಬಂದಿವೆ. ಗರಗಸವಿಲ್ಲದೆ, ಪುಡಿಯಿಲ್ಲದೆ, ಪೆಟ್ಟಿಗೆಯಿಂದ ತೆಗೆದು ಕೂಡಿಸಬಹುದು. ಕಂಪ್ಯೂಟರಿನಲ್ಲಿ ರೂಪಿಸಿ ಪದರ ಪದರವಾಗಿ ಮುದ್ರಿಸಿದ ಭಾಗಗಳು ರಬ್ಬರಿನ ಅಚ್ಚನ್ನು ಹಿಂದಕ್ಕೆ ತಳ್ಳುತ್ತಿವೆ. ಅವು ಹೆಚ್ಚು ನಿಖರ ಎಂಬುದರಲ್ಲಿ ಅನುಮಾನವಿಲ್ಲ. ಕಪಾಟಿನಲ್ಲಿ ಫೈರ್‌ಫ್ಲೈ ಬೇಕು, ಅಷ್ಟೇ ಸಾಕು ಎನ್ನುವವರು ಅವನ್ನು ಕೊಳ್ಳುವುದೇ ಜಾಣತನ. ಆದರೆ ಸಂಪೂರ್ಣ ಕಿಟ್ಟಿನಲ್ಲಿ ಚೌಕ ಕಂಡಿ ಮೊದಲೇ ಇರುತ್ತದೆ, ಐದನೆಯವನ ಜಾಗ ಮೊದಲೇ ಮುಚ್ಚಿರುತ್ತದೆ. ಅಲ್ಲಿ ಏನನ್ನು ತೆಗೆದು ಏನನ್ನು ಇಟ್ಟರು ಎಂಬುದು ಕೈಗೆ ತಿಳಿಯುವುದಿಲ್ಲ. ಅಚ್ಚಾದ ಪುಸ್ತಕ ಓದಿದವನಿಗೂ ಐದು ಪ್ರತಿಗಳನ್ನು ಹೋಲಿಸಿ ಅದನ್ನು ಸಂಪಾದಿಸಿದವನಿಗೂ ಇರುವ ಅಂತರ ಅದು.

ನಮ್ಮ ದೇಶದ ಮಟ್ಟಿಗೆ ಈ ರೂಪಾಂತರದ ಕತೆ ಇಲ್ಲಿಗೇ ಮುಗಿಯಲಿಲ್ಲ. ಹಿಗ್ಗಿಸಿದ ಮೈಯ ಅದೇ ಎಂ4ಎ4 ಟ್ಯಾಂಕುಗಳು, ಹಳೆಯ 75 ಮಿಲಿಮೀಟರ್ ತೋಪಿನೊಡನೆ, ಭಾರತೀಯ ದಳಗಳ ಕೈಯಲ್ಲಿಯೂ ಇದ್ದವು. 1945ರ ಮಾರ್ಚ್ ಆರಂಭದಲ್ಲಿ ಬರ್ಮಾದ ಮೇಕ್ಟಿಲಾವನ್ನು ಹಿಡಿದಾಗ ಪ್ರೋಬಿನ್ಸ್ ಹಾರ್ಸ್ ಮತ್ತು ರಾಯಲ್ ಡೆಕ್ಕನ್ ಹಾರ್ಸ್ ದಳಗಳು ಶರ್ಮನ್‌ಗಳ ಮೇಲಿದ್ದವು. ಎರಡನೆಯದು ಹೈದರಾಬಾದಿನ ನಿಜಾಮರ ಕುದುರೆ ಪಡೆಯಿಂದ ಬೆಳೆದು ಬಂದದ್ದು. ಇಪ್ಪತ್ತು ವರ್ಷಗಳ ಮೇಲೆ, 1965ರ ಸೆಪ್ಟೆಂಬರಿನಲ್ಲಿ, ಪಂಜಾಬಿನ ಖೇಮ್‌ಕರಣ್ ಹತ್ತಿರದ ಅಸಲ್ ಉತ್ತರದಲ್ಲಿ ಪಾಕಿಸ್ತಾನದ ಹೊಸ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿದವರಲ್ಲಿ ಅದೇ ಡೆಕ್ಕನ್ ಹಾರ್ಸ್ ಇತ್ತು, ಇನ್ನೂ ಶರ್ಮನ್‌ಗಳ ಮೇಲೆಯೇ. ಹಳೆಯ ಮೈ, ಹೊಸ ಶತ್ರು. ಲಲ್ವರ್ತಿನವರು ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ನಮ್ಮ ಸೈನ್ಯದ ಶರ್ಮನ್‌ಗಳಲ್ಲಿ ಕೆಲವಕ್ಕೆ ಮೂಲದ ತೋಪನ್ನು ತೆಗೆದು, ಫ್ರಾನ್ಸಿನ ಎಎಂಎಕ್ಸ್-13 ಟ್ಯಾಂಕಿನಲ್ಲಿದ್ದ ಬಗೆಯ 75 ಮಿಲಿಮೀಟರ್ ಉದ್ದ ತೋಪನ್ನು ಕೂರಿಸಿದ್ದರು.

ಅಂಥ ಭಾರತೀಯ ಶರ್ಮನ್ನನ್ನು ಮಾಡಬೇಕೆನ್ನುವವರು ಮೊದಲು ಮಹಾರಾಷ್ಟ್ರದ ಅಹಮದ್‌ನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ, ಒಂದು ಪ್ರಯಾಣ ಮಾಡಬೇಕು. ಅಲ್ಲಿ 1994ರಲ್ಲಿ ತೆರೆದ ಟ್ಯಾಂಕ್ ಸಂಗ್ರಹಾಲಯದಲ್ಲಿ ನಾನಾ ದೇಶಗಳ ಟ್ಯಾಂಕುಗಳು ಬಯಲಿನಲ್ಲಿ ಸಾಲಾಗಿ ನಿಂತಿವೆ. ಮೇಜಿನ ಮೇಲೆ ಅಂಗೈಯಲ್ಲಿ ಹಿಡಿಯುವ ಗೋಪುರ ನಿಜವಾಗಿ ಎಷ್ಟು ದೊಡ್ಡದು, ಅದರೊಳಗೆ ಮೂವರು ಕೂರುವ ಜಾಗ ಎಷ್ಟು ಚಿಕ್ಕದು ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ. ಒಂದು ಟೇಪು, ಒಂದು ನೋಟ್‌ಪುಸ್ತಕ ಜೊತೆಗಿರಲಿ. ಮುಟ್ಟುವ ಮುನ್ನ ಅಲ್ಲಿಯವರ ಅಪ್ಪಣೆ ಕೇಳಿ. ತೋಪಿನ ಬುಡದ ತಟ್ಟೆಯನ್ನು ಎದುರಿನಿಂದಲೂ ಎರಡು ಪಕ್ಕಗಳಿಂದಲೂ ಬರೆದುಕೊಳ್ಳಿ. ಗೋಪುರದ ಹಿಂಭಾಗವನ್ನು ಬಿಡಬೇಡಿ. ಚಿತ್ರ ತೆಗೆಯುವವರೆಲ್ಲ ಟ್ಯಾಂಕಿನ ಮುಂದೆ ನಿಲ್ಲುತ್ತಾರಾದ್ದರಿಂದ ಪುಸ್ತಕಗಳಲ್ಲಿ ಆ ಕಡೆಯ ಚಿತ್ರ ಸಿಕ್ಕುವುದು ಕಡಿಮೆ.